ಸೋತವರ ಕಡೆಯವರು

ಗೋಲು ಬಿದ್ದ ಕ್ಷಣಕ್ಕೇ ಕಡೆ ಬದಲಿಸುವ ಮನುಷ್ಯನನ್ನು ನಾನು ಜೀವಮಾನದಲ್ಲಿ ನೋಡಿದ್ದು ಒಬ್ಬರನ್ನೇ, ನಮ್ಮ ಬೇಕರಿಯವರನ್ನು. ಟೀವಿಯಲ್ಲಿ ಮ್ಯಾಚು ಶುರುವಾದಾಗ ಅವರು ಯಾರ ಕಡೆಯೂ ಅಲ್ಲ. ಬಶಿಗೆ ಚಹಾ ಸುರುವಿಕೊಂಡು, ಹೊರಗೆ ಗಿರಾಕಿ ಬಂದಾರೇನೋ ಎಂದು ಒಂದು ಕಣ್ಣಿಟ್ಟು ಸುಮ್ಮನೆ ನೋಡುತ್ತಿರುವರು. ಒಂದು ಗೋಲು ಬಿತ್ತೆಂದರೆ ಮುಗಿಯಿತು, ಹೊಡೆಸಿಕೊಂಡವರ ಪರವಾಗಿ ಎದ್ದು ನಿಲ್ಲುವರು. ಅವರಿಗೆ ಹೆಸರೂ ಸರಿಯಾಗಿ ಬಾರದ ದೇಶದ ಆಟಗಾರರಿಗೆ "ಬಿಡಬ್ಯಾಡ್ರೋ ಅಪ್ಪಾ, ಇನ್ನೂ ಟೈಮ್ ಐತಿ" ಎಂದು ನಮ್ಮೂರ ಬೇಕರಿಯಿಂದ ಧೈರ್ಯ ಹೇಳುವರು. ಆ ಬಡಪಾಯಿಗಳು ಹೇಗೋ ಗೋಲು ತೀರಿಸಿ ಮೇಲೊಂದು ಹೊಡೆದರೆ, ಇವರು ಮತ್ತೆ ಆಚೆ ಕಡೆಗೆ.

"ಲೇ, ನೀ ಒಂದ ಕಡಿ ನಿಂದರಲೇ!" ಎಂದು ಗೆಳೆಯ ಅಂತೋನಿ ಬೈಯುತ್ತಿದ್ದ.

"ನಾ ಒಂದ ಕಡೀನ ಅದೀನಿ. ಅವರು ಬದಲಾಗ್ತಾರ, ನಾ ಏನ್ ಮಾಡ್ಲಿ?"

ಡ್ರಾ ಆದ ದಿನ ಅವರಿಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. "ಇವತ್ತ ನನಗ ಸೂಟಿ" ಎಂದು ಟೀವಿ ಆರಿಸಿ ಖಾರಿ ಬಿಸ್ಕೀಟಿನ ಡಬ್ಬಿ ಒರೆಸಲು ಹೋಗುತ್ತಿದ್ದರು.

ಅವರು ತೀರಿಕೊಂಡು ಒಂದು ತಿಂಗಳಾಗುತ್ತ ಬಂತು. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಆ ಹೆಸರನ್ನು ಒಂದು ಸಲ ಮತಪತ್ರದ ಮೇಲೆ ಅಚ್ಚು ಹಾಕಿಸಿ ನಾವೆಲ್ಲ ಪಟ್ಟ ಪಾಡೇ ಸಾಕು.

ಅಳ್ನಾವರದ ಕಡೆ, ಕಾಡಿನ ಅಂಚಿಗೆ, ರೈಲು ನಿಂತರೆ ನಿಂತೀತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಊರು ನಮ್ಮದು. ಇಂಥ ಊರಿಗೆ ಫುಟ್‌ಬಾಲ್ ಎಲ್ಲಿಂದ ಬಂತು ಎಂದು ಹೊಸಬರು ಕೇಳುತ್ತಾರೆ. ಬರುವುದೇನು, ರೈಲಿನಲ್ಲೇ ಬಂತು. ರೈಲ್ವೆ ಕ್ವಾರ್ಟರ್ಸಿನವರು ಆಡಿದರು, ಗೋವಾಕ್ಕೆ ದುಡಿಯಲು ಹೋದವರು ಅಲ್ಲಿ ನೋಡಿ ಬಂದು ಇಲ್ಲಿ ಆಡಿದರು. ನಮ್ಮ ಬೇಕರಿಯವರೂ ಹರೆಯದಲ್ಲಿ ಮಡಗಾಂವಿಯ ಒಂದು ಬೇಕರಿಯಲ್ಲಿ ಇದ್ದು ಬಂದವರು. ಅಲ್ಲಿಂದ ಅವರು ಕಲಿತು ತಂದದ್ದು ಎರಡೇ, ಪಾವ್ ಸುಡುವುದು ಮತ್ತು ಗೋಲಿನ ಮುಂದೆ ನಿಲ್ಲುವುದು. ಮನೆತನ ಅಗದಿ ಮಡಿಯದು. ಬೆಳಗ್ಗೆ ಲಿಂಗಪೂಜೆ ಆಗದೆ ಭಟ್ಟಿಗೆ ಬೆಂಕಿ ಹಾಕುತ್ತಿರಲಿಲ್ಲ. ಕೇಕಿಗೆ ತತ್ತಿ ಒಡೆದು ಹಾಕುವರು, ತಾವು ಮಾತ್ರ ಒಂದು ಚೂರೂ ಬಾಯಿಗಿಡರು. ಹಣೆಯ ಮೇಲಿನ ವಿಭೂತಿ ಎಲ್ಲಿ ಮುಗಿಯಿತು, ಮೈದಾ ಹಿಟ್ಟು ಎಲ್ಲಿ ಶುರುವಾಯಿತು ಎಂದು ನಮಗೆ ಎಂದೂ ತಿಳಿಯಲಿಲ್ಲ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, ನೋಡಲು ಹೋದ ಹೆಣ್ಣಿಗೆ ತನಗಿಂತ ಒಳ್ಳೆಯ ವರ ಸಿಗಲಿ ಎಂದು ಅನ್ನಿಸುತ್ತಿತ್ತಂತೆ.

ಭಟ್ಟಿಯ ಹಿಂದಿನ ಗೋಡೆಗೆ ಒಂದು ಬೆಂಚು ಇತ್ತು. ಚಳಿಗಾಲದಲ್ಲಿ ಬೆನ್ನಿಗೆ ಹಿತ, ಬೇಸಿಗೆಯಲ್ಲಿ ಶಿಕ್ಷೆ. ಎರಡೂ ಕಾಲದಲ್ಲಿ ಸಂಜೆ ಅಲ್ಲಿ ಕೂರುತ್ತಿದ್ದವರು ನಾವು ನಾಲ್ವರು. ಕಿರಾಣಿ ಅಂಗಡಿಯ ಬಸಣ್ಣ, ಬೈಕ್ ರಿಪೇರಿ ಮಾಡುವ ದಾದಾಪೀರ, ರೈಲ್ವೆಯ ಗ್ಯಾಂಗಿನಿಂದ ನಿವೃತ್ತನಾದ ಅಂತೋನಿ, ಮತ್ತು ಹಾಲಿನ ಡೇರಿಯ ಸೆಕ್ರೆಟರಿಯಾದ ನಾನು. ಬೇಕರಿಯವರು ಕೂರುತ್ತಿರಲಿಲ್ಲ, ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ಮಾತಿಗೆ ತಲೆಬುಡ ಬೇಕಾಗಿರಲಿಲ್ಲ. ಬಸಣ್ಣನ ಸಕ್ಕರೆ ಕಾಯಿಲೆಯಿಂದ ಶುರುವಾದದ್ದು ದಿಲ್ಲಿಗೆ ಹೋಗಿ, ಅಲ್ಲಿಂದ ಬ್ರೆಜಿಲ್ ಮುಟ್ಟಿ, ನಮ್ಮ ಡೇರಿಯ ನೀರು ಹಾಲಿಗೆ ಬಂದು ನಿಲ್ಲುತ್ತಿತ್ತು.

"ನಮ್ಮ ಎಮ್ಮೆಲ್ಲೆ ಅಂದ್ರ ಗೋಲ್‌ಕೀಪರ್ ಇದ್ದಂಗ," ಎಂದು ಒಮ್ಮೆ ಅಂತೋನಿ ಶುರುಮಾಡಿದ. "ಊರ ಮಂದಿ ಎಲ್ಲಾ ಓಡ್ಯಾಡ್ತೈತಿ, ಅವ ಒಬ್ಬನ ನಿಂತಲ್ಲೇ ನಿಂತಿರ್ತಾನ."

"ಕೀಪರ್ ಬಂದದ್ದನ್ನರ ಹಿಡೀತಾನಲೇ," ಎಂದ ಬಸಣ್ಣ.

"ಇವನೇನ್ ಬಿಡ್ತಾನೇನು?" ಎಂದ ದಾದಾಪೀರ. ಅವತ್ತು ನಕ್ಕು ನಕ್ಕು ಬಸಣ್ಣನಿಗೆ ಕೆಮ್ಮು ಹತ್ತಿತ್ತು.

ಆ ಬೆಂಚು ಅಷ್ಟು ವರ್ಷ ಒಡೆಯದೆ ಉಳಿದದ್ದಕ್ಕೆ ಕಾರಣ ಬಾಗಿಲಿಗೆ ಒರಗಿ ನಿಂತವರೇ. ಬಸಣ್ಣ ಒಂದು ಪಕ್ಷದ ಕಟ್ಟಾ ಅಭಿಮಾನಿ. ದಾದಾಪೀರನಿಗೆ ಆ ಪಕ್ಷದ ಹೆಸರು ಕೇಳಿದರೆ ಮುಖ ಕಪ್ಪಿಡುತ್ತಿತ್ತು. ಇಬ್ಬರೂ ಕೂಡಿ ಶಾಲೆಗೆ ಹೋದವರು, ಒಬ್ಬನ ಮದುವೆಯಲ್ಲಿ ಇನ್ನೊಬ್ಬ ನೀರು ಹೊತ್ತವನು. ಆದರೂ ಮೊಬೈಲಿಗೆ ಬಂದ ಯಾವುದೋ ವೀಡಿಯೋ ಹಿಡಿದು ವಾದಕ್ಕೆ ಬೀಳುತ್ತಿದ್ದರು. ವಾದದಲ್ಲಿ ಒಬ್ಬನಿಗೆ ಮಾತು ತಡವರಿಸಿತೋ, ಬೇಕರಿಯವರು ಅವನ ಪರ ಶುರುಮಾಡುವರು. ಅವನಿಗೆ ಹೊಳೆಯದ ಮಾತನ್ನು ಅವನಿಗಿಂತ ಚಂದ ಮಾಡಿ ಹೇಳುವರು. ಬಸಣ್ಣ ಸೋಲುತ್ತಿದ್ದರೆ ಬಸಣ್ಣನ ಪಕ್ಷದವರಿಗೂ ಗೊತ್ತಿರದ ಸಮರ್ಥನೆ ಇವರ ಬಾಯಲ್ಲಿ. ಐದು ನಿಮಿಷ ಬಿಟ್ಟು ದಾದಾಪೀರ ಸೋಲುತ್ತಿದ್ದರೆ, ತಾವೇ ಕಟ್ಟಿದ್ದನ್ನು ತಾವೇ ಕೆಡವುವರು. ಹೀಗಾಗಿ ಆ ಬೆಂಚಿನ ಮೇಲೆ ಯಾರೂ ಸೋತು ಮನೆಗೆ ಹೋದದ್ದಿಲ್ಲ. ಆಗ ನಾನು ಇದನ್ನು ಅವರ ಹುಚ್ಚಾಟ ಎಂದುಕೊಂಡಿದ್ದೆ.

ಇತ್ತೀಚಿನ ವರ್ಷಗಳಲ್ಲಿ ಈ ಆಟ ಮೊದಲಿನ ಹಾಗೆ ನಡೆಯುತ್ತಿರಲಿಲ್ಲ. ವಾದ ಮುಗಿದ ಮೇಲೂ ಬಸಣ್ಣನ ಮುಖದಲ್ಲಿ ಅದು ಉಳಿದಿರುತ್ತಿತ್ತು. ದಾದಾಪೀರ ವಾದವನ್ನೇ ಬಿಟ್ಟುಬಿಟ್ಟ. ಒಂದು ಸಂಜೆ ಬೇಕರಿಯವರು ಅವನ ಪರ ಎತ್ತಿಕೊಂಡು ಮಾತಾಡತೊಡಗಿದಾಗ ಅವನು ತಡೆದ.

"ನನ್ನ ಪರ ನೀ ಮಾತಾಡಬ್ಯಾಡ. ನನಗೂ ಬಾಯಿ ಐತಿ. ಆಡಬಾರದಂತ ಸುಮ್ನ ಅದೀನಿ."

ಬೇಕರಿಯವರು ಒಳಗೆ ಹೋಗಿ ಎಲ್ಲರಿಗೂ ಚಹಾ ತಂದರು. ಅವನಿಗೆ ಬಿಸಿ ಪಾವ್ ಕೂಡ ತಂದರು.

ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಪ್ರತಿ ರವಿವಾರ ಊರಿನ ಹುಡುಗರು, ಮುದುಕರು, ಯಾರು ಬಂದರೆ ಅವರು ಫುಟ್‌ಬಾಲ್ ಆಡುತ್ತಿದ್ದರು. ಬೇಕರಿಯವರು ಬರಿಗಾಲಲ್ಲಿ ಕೀಪರ್. ಅರ್ಧ ಆಟಕ್ಕೆ ಯಾರು ಹಿಂದಿದ್ದಾರೋ ಅವರ ಗೋಲಿಗೆ ಹೋಗಿ ನಿಲ್ಲುವುದು ಅವರ ಕಾಯಂ ಪದ್ಧತಿ, ಅದಕ್ಕೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಆ ಬಯಲಿನ ಮೇಲೆ ಬಾಡಿಗೆ ಮಳಿಗೆ ಕಟ್ಟಿಸುವ ಮಾತು ಪಂಚಾಯ್ತಿಯಲ್ಲಿ ಎದ್ದಿತು. ಯಾವುದಕ್ಕೂ ಒಂದಾಗದ ಎರಡೂ ದೊಡ್ಡ ಪಕ್ಷದವರು ಇದಕ್ಕೆ ಮಾತ್ರ ಒಂದಾದರು. ಅದೇ ಹೊತ್ತಿಗೆ ಪಂಚಾಯ್ತಿ ಚುನಾವಣೆ ಬಂತು.

"ನೀನ ನಿಂದರು," ಎಂದ ಅಂತೋನಿ. ತಮಾಷೆಗೇ ಅಂದದ್ದು. "ಹೆಂಗೂ ಸೋಲಾವರ ಕಡೆ ಇರಾಂವ. ಸ್ವತಾ ಸೋತು ನೋಡು."

ಬೇಕರಿಯವರು ನಕ್ಕುಬಿಟ್ಟರು. ಬಸಣ್ಣ ಮಾತ್ರ ನಗಲಿಲ್ಲ. "ಖರೇನ ನಿಂದರಲೇ. ಮನ್ಯಾಗಿನ ಮಂದಿದು ನಾ ಹೇಳಾಕ ಆಗೂದಿಲ್ಲ, ಅವರಿಗೆ ಓಟಿಗಂತ ಪಕ್ಷದವರಿಂದ ಆಗಲೇ ಮಿಕ್ಸರ್ ಬಂದಾವ. ನನ್ನ ಓಟು ಮಾತ್ರ ನಿನಗ. ಪಕ್ಷ ಗಿಕ್ಷ ಇಲ್ಲ." ದಾದಾಪೀರ, "ನಂದೂ ಅಷ್ಟ," ಎಂದ. ಅಂತೋನಿಯೂ ಹೂಂ ಎಂದ. ಎಷ್ಟೋ ತಿಂಗಳ ಮೇಲೆ ಬಸಣ್ಣ ದಾದಾಪೀರ ಇಬ್ಬರೂ ಒಂದೇ ಕಡೆಗೆ ಬಂದ ಮಾತು ಅದು. ನಿಲ್ಲಲು ಬೇಕರಿಯವರು ಒಪ್ಪಿದ್ದು ಬಯಲಿಗಾಗಿ ಎಂದು ಊರು ತಿಳಿಯಿತು. ಅವರು ಒಪ್ಪಿದ್ದು ಈ ಇಬ್ಬರಿಗಾಗಿ ಎಂದು ನನ್ನ ನಂಬಿಕೆ. ನನ್ನ ಮನೆ ಹಳಿಯ ಆಚೆ ಇನ್ನೊಂದು ವಾರ್ಡಿನಲ್ಲಿ, ನನಗೆ ಅವರಿಗೆ ಮತ ಹಾಕುವ ಭಾಗ್ಯ ಇರಲಿಲ್ಲ. ಎಣಿಕೆಗೆ ಏಜೆಂಟಾಗಿ ಕೂರುತ್ತೇನೆ ಎಂದೆ.

ಗುರುತು ಹೊಲಿಗೆ ಯಂತ್ರ ಸಿಕ್ಕಿತು. ಮೊದಮೊದಲು ಪ್ರಚಾರಕ್ಕೆ ಹೋದಾಗ ಅವರು ಮತ ಕೇಳಲು ನಾಚಿ, ಪಾವ್ ಹೇಗಿತ್ತು ಎಂದು ಕೇಳಿ ಬರುತ್ತಿದ್ದರು. ಆಮೇಲೆ ನಿಧಾನಕ್ಕೆ ಅವರಿಗೆ ಅದು ಹಿಡಿಯಿತು. ಹೋದಲ್ಲೆಲ್ಲ "ನಿಮಗ ಬಿಟ್ಟು ಯಾರಿಗೆ ಹಾಕೂಣ್ರಿ" ಎನ್ನುವ ಜನ. ಅರಿಸಿನ ಕುಂಕುಮದ ತಟ್ಟೆ ತಂದವರು, ತಲೆಗೆ ಪಟಗಾ ಸುತ್ತಿದವರು. ಅವರು ಹೊಸ ಬಿಳಿ ಅಂಗಿ ಹೊಲಿಸಿದರು. ಒಂದು ಸಂಜೆ ಬಾಗಿಲಿಗೆ ಒರಗಿ, "ಗೆದ್ದರ ಮೊದಲ ಆ ಬಯಲಿಗೆ ಒಂದ ನೆಟ್ ತರಸಬೇಕ್ರಿ, ಬಾಲ್ ಹಳೀ ಮ್ಯಾಲ ಹೋಗ್ತೈತಿ," ಎಂದು ನನಗೆ ಹೇಳಿದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಗೆದ್ದರೆ ಎನ್ನುವ ಮಾತು ಕೇಳಿದ್ದು ಅದೇ ಮೊದಲು. ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಅರಿಸಿನ ಕುಂಕುಮದ ತಟ್ಟೆ ನಮ್ಮೂರಲ್ಲಿ ಎಲ್ಲ ಉಮೇದುವಾರರಿಗೂ ಬರುತ್ತದೆ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎಣಿಕೆಯ ದಿನ ಅವರ ವಾರ್ಡಿನ ಪೆಟ್ಟಿಗೆ ಒಡೆದು ಮತಪತ್ರಗಳನ್ನು ವಿಂಗಡಿಸುವಾಗ ನಾನು ಜಾಳಿಗೆಯ ಈಚೆ ಕುಳಿತಿದ್ದೆ. ದೊಡ್ಡ ಪಕ್ಷಗಳ ಎರಡು ಕಟ್ಟು ಬೆಳೆಯುತ್ತ ಹೋದವು. ಹೊಲಿಗೆ ಯಂತ್ರದ ಕಟ್ಟು ಎಲ್ಲಿದೆ ಎಂದು ಹುಡುಕಿದೆ. ಅದಕ್ಕೆ ಕಟ್ಟೇ ಇರಲಿಲ್ಲ. ಮೂರು ಹಾಳೆ, ಅಷ್ಟೇ. ಇನ್ನೊಮ್ಮೆ ಎಣಿಸಿರಿ ಎಂದು ಕೇಳಲಿಕ್ಕೂ ನಾಚಿಕೆಯಾಗುವಂಥ ಲೆಕ್ಕ. ಮಾತು ಕೊಟ್ಟ ಗೆಳೆಯರು ಮೂವರು, ಉಮೇದುವಾರರು ತಾವೊಬ್ಬರು. ಊರು ಕೈಬಿಟ್ಟಿತೆಂದೇ ಇಟ್ಟುಕೊಂಡರೂ ನಾಲ್ಕು ಇರಬೇಕಿತ್ತು.

ಸಂಜೆ ಬೆಂಚಿಗೆ ಹೋಗಿ ನಾನೇ ಹೇಳಿದೆ. ಮೂವರೂ ಮನಸ್ಸಿನಲ್ಲಿ ಅದೇ ಲೆಕ್ಕ ಹಾಕುತ್ತಿದ್ದರು.

"ನಾ ಹಾಕೀನಿ," ಎಂದ ಬಸಣ್ಣ.

"ಏಸುವಿನ ಆಣಿ, ನಾನೂ ಹಾಕೀನಿ," ಎಂದ ಅಂತೋನಿ.

"ಮತ್ತ ನಾ ಹಾಕಿಲ್ಲಂತೀರೇನು?" ಎಂದ ದಾದಾಪೀರ. ಹಾಗೆಂದು ಇನ್ನೂ ಯಾರೂ ಅಂದಿರಲಿಲ್ಲ.

ಬೇಕರಿಯವರು ಬಾಗಿಲಲ್ಲಿ ನಿಂತೇ ಹೇಳಿದರು. "ಮೂರೂ ನಿಮ್ಮವ. ನಾನ ನನಗ ಹಾಕಿಲ್ಲ."

ನಡೆದದ್ದು ಇಷ್ಟು. ಅದೇ ವಾರ್ಡಿಗೆ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ನಿಂತಿದ್ದರು. ಪ್ರತಿ ಚುನಾವಣೆಗೂ ನಿಂತು ಪ್ರತಿ ಸಲವೂ ಠೇವಣಿ ಕಳೆದುಕೊಳ್ಳುವವರು. ಮತದಾನದ ಬೆಳಗ್ಗೆ ಶಾಲೆಯ ಹೊರಗೆ ಉಳಿದವರ ಟೇಬಲ್ಲುಗಳ ಸುತ್ತ ಜನ ಮುತ್ತಿದ್ದರು. ನಮ್ಮವರ ಟೇಬಲ್ಲಿನ ಹತ್ತಿರವೂ, ಪಾವ್ ಇಟ್ಟಿದ್ದರಿಂದಲೋ ಏನೋ, ಜಾತ್ರೆ. ಕಂಡಕ್ಟರ್ ಮಾತ್ರ ಬೇವಿನ ಗಿಡದ ಬುಡಕ್ಕೆ ಖಾಲಿ ಕುರ್ಚಿಗಳ ನಡುವೆ ಒಬ್ಬರೇ ಕೂತು, ಬಂದವರಿಗೆಲ್ಲ ನಮಸ್ಕಾರ ಮಾಡುತ್ತಿದ್ದರಂತೆ. ಯಾರೂ ತಿರುಗಿ ನೋಡುತ್ತಿರಲಿಲ್ಲವಂತೆ. ನಮ್ಮವರು ಒಳಗೆ ಹೋಗಿ ಮತಪತ್ರ ಬಿಡಿಸಿದ್ದಾರೆ, ಕೈ ಕಂಡಕ್ಟರರ ಗುರುತಿನ ಮೇಲೆ ಮುದ್ರೆ ಒತ್ತಿಬಿಟ್ಟಿದೆ.

"ನಾ ಗೆದ್ದ ಬಿಟ್ಟೀನಿ ಅಂತ ತಿಳಕೊಂಡಿದ್ದೆ," ಎಂದರು ಬೇಕರಿಯವರು. "ಗೆದ್ದಾವರ ಕಡೆ ನಾ ಯಾವಾಗರ ಇದ್ದೆ, ನೀವ ಹೇಳ್ರಿ?"

ಅವರನ್ನು ಬಲ್ಲವರು ಆ ಮಾತಿಗೆ ಹೊಟ್ಟೆ ತುಂಬ ನಗಬೇಕು. ನಕ್ಕು, ಬೈದು, ಚಹಾ ಕುಡಿದು ಮನೆಗೆ ಹೋಗಬೇಕು. ಬಸಣ್ಣ ನಗದೆ ಕೇಳಿದ. "ಯಾರನ್ನ ಉಳಸಾಕತ್ತೀ?"

"ಯಾರನ್ನೂ ಇಲ್ಲೋ ಮಾರಾಯ. ಖರೇ ಹೇಳಾಕತ್ತೀನಿ."

"ನೀ ಯಾವಾಗಲೂ ಹಿಂಗ. ಸಿಕ್ಕಿಬಿದ್ದಾಂವನ ಪರ ನಿಂದರಾಂವ." ಹೀಗೆ ಹೇಳುವಾಗ ಬಸಣ್ಣನ ಕಣ್ಣು ಒಂದು ಗಳಿಗೆ ದಾದಾಪೀರನ ಕಡೆ ಹೋಗಿ ಬಂತು. ಒಂದೇ ಗಳಿಗೆ. ದಾದಾಪೀರ ಅದನ್ನು ನೋಡಿದ. ನಾನೂ ನೋಡಿದೆ.

"ಯಾಕ ನೋಡ್ದಿ ನನ್ನ ಕಡೆ?"

"ನೋಡಿಲ್ಲ."

"ನೋಡ್ದಿ ನೀ. ಇಷ್ಟ ವರ್ಷ ಆದಮ್ಯಾಲೆ ನನ್ನ ಕಡೇನ ನೋಡಿದ್ಯಲ್ಲೋ ಬಸ್ಯಾ." ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಬೇಕರಿಯವರು ಹಿಂದೆಯೇ ರಸ್ತೆಯ ತನಕ ಓಡಿದರು. ಅವನು ತಿರುಗಲಿಲ್ಲ, ಮತ್ತೆ ಆ ಬೆಂಚಿಗೆ ಬರಲೂ ಇಲ್ಲ.

ಸೋತದ್ದಕ್ಕೆ ಬೇಕರಿಯವರು ಒಂದು ದಿನವೂ ಅಳಲಿಲ್ಲ. ಪಾವ್ ಒಯ್ಯಲು ಬಂದು ಕಣ್ಣು ತಪ್ಪಿಸುತ್ತಿದ್ದ ಗಿರಾಕಿಗಳಿಗೆ ತಾವೇ ಸಮಾಧಾನ ಹೇಳುತ್ತಿದ್ದರು. ಆದರೆ ಈ ಒಂದು ಮತಕ್ಕಾಗಿ ಅವರು ಊರು ತಿರುಗಿದರು. ಮತ ಕೇಳಲು ನಾಚುತ್ತಿದ್ದವರು, ತಮಗೆ ತಾವೇ ಹಾಕಲಿಲ್ಲ ಎಂದು ನಂಬಿಸಲು ಮನೆ ಮನೆಗೆ ಹೋದರು. ಬಸಣ್ಣನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಆಣೆ ಮಾಡಿದರು. ನಾನು ಅಲ್ಲೇ ಬೆಲ್ಲ ತೂಗಿಸುತ್ತ ನಿಂತಿದ್ದೆ. ಬಸಣ್ಣನ ಕಣ್ಣಲ್ಲಿ ನೀರು ಬಂತು. ಆದರೂ ಅವನು ಅಂದದ್ದು ಇದು:

"ನಿನ್ನ ನಾ ಬಲ್ಲೆ. ಸೋತಾವರ ಸಲುವಾಗಿ ನೀ ಲಿಂಗ ಮುಟ್ಟಿ ಸುಳ್ಳೂ ಹೇಳ್ತಿ."

ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಯಾರಿಗೂ ಕೊಟ್ಟಿರಲಿಕ್ಕಿಲ್ಲ. ಇದಕ್ಕಿಂತ ಕ್ರೂರವಾದದ್ದನ್ನೂ ನಾನು ಕೇಳಿಲ್ಲ. ಅವರು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು ಹೊರಗೆ ಬಂದರು.

ಕೊನೆಗೆ ಕಂಡಕ್ಟರರ ಮನೆಗೆ ಹೋದರು, ನನ್ನನ್ನೂ ಕರೆದುಕೊಂಡು. ನಿಮಗೆ ಬಿದ್ದ ಮತಗಳಲ್ಲಿ ಒಂದು ನನ್ನದು ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಿ ಎಂದು ಕೈಮುಗಿದರು. ಕಂಡಕ್ಟರರಿಗೆ ಐದು ಮತ ಬಿದ್ದಿದ್ದವು. ಅವರು ಜೋಕಾಲಿಯಿಂದ ಇಳಿಯಲಿಲ್ಲ.

"ನಮ್ಮ ಮನ್ಯಾಗ ಐದ ಓಟು ಅದಾವ್ರಿ. ಐದೂ ನನಗ ಬಿದ್ದಾವ. ಹೊರಗಿನವರದು ನನಗ ಬ್ಯಾಡ."

ಸೋತವರಿಗೂ ಒಂದು ಸೊಕ್ಕು ಇರುತ್ತದೆ ಎನ್ನುವುದು ಇಷ್ಟು ವರ್ಷ ಸೋತವರ ಪರ ನಿಂತ ಈ ಮನುಷ್ಯನಿಗೆ ಗೊತ್ತಿರಲಿಲ್ಲ. ಕಂಡಕ್ಟರರ ಸೊಸೆ ಮಾರನೆಯ ದಿನ ಡೇರಿಗೆ ಹಾಲು ಹಾಕಲು ಬಂದಾಗ, ಮಾವ ಆರಿಸಿ ಬಂದಿದ್ದರೆ ಮನೆಯಲ್ಲಿ ಇರಲು ಆಗುತ್ತಿರಲಿಲ್ಲ ಎಂದು ಸೆರಗಿನಲ್ಲೇ ನಕ್ಕಳು. ಆ ನಗೆಯಲ್ಲಿ ನನಗೆ ಉತ್ತರ ಸಿಕ್ಕಿತು: ಮಾವನಿಗೆ ಅವಳು ಹಾಕಿರಲಿಲ್ಲ, ಐದರಲ್ಲಿ ಒಂದು ಹೊರಗಿನದು. ಆದರೆ ಅದನ್ನು ಯಾರ ಮುಂದೆ ಒಯ್ದು ಇಡಲಿ? ಆ ಹುಡುಗಿಯ ಸಂಸಾರ ಕೆಡಿಸಿ ನಮ್ಮ ಬೆಂಚು ಕೂಡಿಸಲು ಆಗುತ್ತದೆಯೇ? "ಐದೂ ಮನೆಯವೇ ಅಂತ" ಎನ್ನುವುದು ಅಷ್ಟರಲ್ಲಿ ಬಸಣ್ಣನ ಅಂಗಡಿ ಮುಟ್ಟಿ, ಅಲ್ಲಿಂದ ದಾದಾಪೀರನ ಶೆಡ್ಡನ್ನೂ ಮುಟ್ಟಿತ್ತು.

ಆಮೇಲೆ ಹೇಳುವಂಥದ್ದೇನಿಲ್ಲ. ದಾದಾಪೀರ ತನ್ನ ಕಡೆಯವರ ಚಹಾದಂಗಡಿಯಲ್ಲಿ ಕೂರತೊಡಗಿದ. ಬಸಣ್ಣ ಅಂಗಡಿಯ ಮುಂದೆ ತನ್ನ ಪಕ್ಷದ ಬಾವುಟ ಕಟ್ಟಿದ, ಅದಕ್ಕೂ ಮೊದಲು ಎಂದೂ ಕಟ್ಟಿರಲಿಲ್ಲ. ಅಂತೋನಿ ಕೆಲವು ದಿನ ಬಂದ. ಅವನ ಮುಖ ನೋಡಿದರೆ ಅನುಮಾನ ತನ್ನ ಮೇಲೂ ಇದೆಯೇನೋ ಎಂದು ಹುಡುಕುವ ಹಾಗಿತ್ತು. ಒಂದು ಸಂಜೆ, "ಸ್ಟೇಷನ್ದಾಗ ಗಾಳಿ ಚೊಲೊ ಬೀಸ್ತೈತಿ," ಎಂದು ಹೇಳಿ ಹೋದವನು ಅಲ್ಲೇ ಕೂರುವುದನ್ನು ರೂಢಿ ಮಾಡಿಕೊಂಡ. ಬಯಲಿನಲ್ಲಿ ಬುನಾದಿ ತೋಡಿದರು, ಪಿಲ್ಲರು ಎದ್ದವು. ನಾನು ಹಾಲಿನ ಕೆಲಸ ಮುಗಿಸಿ ಹೋದರೆ ಬೇಕರಿಯವರು ಟೀವಿ ಹಚ್ಚಿರುತ್ತಿದ್ದರು. ಒಂದು ದಿನ ಯಾವುದೋ ಬಡ ತಂಡಕ್ಕೆ ಗೋಲಿನ ಮೇಲೆ ಗೋಲು. ನಾನು ಅವರನ್ನು ನೋಡಿದೆ. ಅವರು ಪಾವಿನ ತುದಿ ಮುರಿದು ಚಹಾದಲ್ಲಿ ಅದ್ದುತ್ತಿದ್ದರು, ಎದ್ದು ನಿಲ್ಲಲಿಲ್ಲ.

ರೋಗ ಹೊಟ್ಟೆಯದು. ಹುಬ್ಬಳ್ಳಿಯ ಡಾಕ್ಟರು ತಡವಾಯಿತು ಎಂದರು. ಭಟ್ಟಿ ಆರಿದ ಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಮಣ್ಣಿಗೆ ಮೂವರೂ ಬಂದಿದ್ದರು, ಮೂರು ಕಡೆಯಿಂದ ಬಂದು ಮೂರು ಕಡೆ ನಿಂತಿದ್ದರು. ಸಮಾಧಿಗೆ ಪತ್ರಿ ಹಾಕಿ ಮರಳುವಾಗ ಬಸಣ್ಣ ನನ್ನ ಬಾಜು ಬಂದು ಮೆಲ್ಲಗೆ ಕೇಳಿದ, "ಕಡೀಗರ ನಿಮ್ಮ ಮುಂದ ಹೇಳಿದ್ನೇನ್ರಿ, ಯಾರಂತ?" ಗೇಟಿನ ಹತ್ತಿರ ದಾದಾಪೀರನೂ ಅದನ್ನೇ ಕೇಳಿದ. ಅಂತೋನಿ ಬಾಯಿ ಬಿಟ್ಟು ಕೇಳಲಿಲ್ಲ, ನನ್ನ ಕೈ ಹಿಡಿದುಕೊಂಡು ಮುಖ ನೋಡಿದ. ಅವರು ಹೇಳಿದ್ದೇ ಖರೆ ಎಂದು ಮೂವರಿಗೂ ನಾನು ಒಂದೇ ಉತ್ತರ ಕೊಟ್ಟೆ. ಮೂವರೂ ತಲೆಯಾಡಿಸಿ ಹೋದರು. ಮೂವರೂ ಕೊಟ್ಟ ಮಾತು ಉಳಿಸಿಕೊಂಡವರು, ಒಬ್ಬರೂ ಇನ್ನೊಬ್ಬರನ್ನು ನಂಬದವರು. ಇದಕ್ಕಿಂತ ದೊಡ್ಡ ಸೋಲನ್ನು ನಾನು ಯಾವ ಮೈದಾನದಲ್ಲೂ ಕಂಡಿಲ್ಲ. ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ.

ಅವರನ್ನು ನಾನು ಕಡೆಯದಾಗಿ ನೋಡಿದ್ದು ಬೇಕರಿಯ ಹಿಂದಿನ ಕೋಣೆಯಲ್ಲಿ, ಅವರು ಹೋಗುವ ವಾರ. ಮಧ್ಯಾಹ್ನದ ಹೊತ್ತು. ಬಯಲಿನ ಕಡೆಯಿಂದ ಕಾಂಕ್ರೀಟು ಕಲಸುವ ಮಷಿನ್ನಿನ ಸದ್ದು ಬರುತ್ತಿತ್ತು. ಕೈ ಎಲುಬಿಗೆ ಬಂದಿದ್ದವು. ಹಾಲು ತಂದಿದ್ದೆ, ಎರಡು ಗುಟುಕು ಕುಡಿದು ಸಾಕೆಂದರು. ಲೋಟ ನನ್ನ ಕೈಗೆ ಕೊಟ್ಟು ಕೇಳಿದರು.

"ನೀವರ ನಂಬ್ತೀರೇನ್ರಿ ನನ್ನ ಮಾತು?"

"ನಂಬ್ತೀನ್ರಿ," ಎಂದೆ. "ಮೊದಲನೇ ದಿನದಿಂದ ನಂಬೀನಿ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಯಾವ ಸಿಟ್ಟೂ ಇಲ್ಲದೆ, ತಿಳಿದುಕೊಳ್ಳುವುದಕ್ಕೆಂದೇ ಕೇಳುವವರ ಹಾಗೆ ಕೇಳಿದರು.

"ನಾ ಸೋಲಾಕತ್ತೀನಿ ಅಂತ ನನ್ನ ಕಡಿ ಬಂದಿರೇನ್ರಿ?"

ಇಲ್ಲರಿ, ಖರೇನ ನಂಬೀನಿ ಎಂದು ಅವರ ಕೈ ಹಿಡಿದು ಹೇಳಿದೆ. ಅವರು ನಂಬಲಿಲ್ಲ.